ಸೀಲ್ ಪುಸ್ತಕದ ಕೊನೆಯ ಸಾಲು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ವಿದ್ಯಾರ್ಥಿನಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಭದ್ರತೆಯ ಸ್ನಾತಕೋತ್ತರ ಓದು. ಎರಡು ವರ್ಷದ ಸಂಶೋಧನೆ, ಬರೆದ ಪ್ರಬಂಧ ಎರಡೂ ಇದ್ದ ಹಾರ್ಡ್ ಡಿಸ್ಕ್ ಸೋಮವಾರ ಸಂಜೆ ಪ್ರಯೋಗಾಲಯದಿಂದ ಕಾಣೆಯಾಗಿತ್ತು. ಪ್ರಬಂಧ ಒಪ್ಪಿಸಲು ಗುರುವಾರ ಸಂಜೆ ಐದು ಗಂಟೆಯೇ ಕಡೆ.

"ಇನ್ನೊಂದು ಪ್ರತಿ ಇಟ್ಟಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಡೋ ಹಾಗಿಲ್ಲ ಮೇಡಂ. ಅದರಲ್ಲಿ ಕಂಪ್ಯೂಟರ್ ವೈರಸ್ ಮಾದರಿಗಳೂ ಇವೆ. ಆ ಡಿಸ್ಕಿಂದ ಏನೂ ಪ್ರತಿ ಮಾಡಬಾರದು ಅನ್ನೋದು ನಮ್ಮ ಭದ್ರತಾ ನಿಯಮ."

"ಗಡುವು ಮುಂದಕ್ಕೆ ಹಾಕಿಸ್ಕೊಳ್ಳಿ."

"ಮಗು ಹುಟ್ಟಿದಾಗ ಒಂದ್ಸಲ ಹಾಕಿಸ್ಕೊಂಡೆ. ಇನ್ನೊಂದ್ಸಲ ಇಲ್ವಂತೆ. ತಪ್ಪಿದ್ರೆ ಡಿಗ್ರಿನೇ ಇಲ್ಲ."

10.15ಕ್ಕೆ FIR ದಾಖಲಾಯಿತು. 10.20ಕ್ಕೆ ವಿಭಾಗದ ಮುಖ್ಯಸ್ಥರ ಫೋನು. "ಭದ್ರತೆ ಕಲಿಸೋ ಜಾಗದಲ್ಲೇ ಕಳವು ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಒಳಗೊಳಗೇ ಮುಗಿಸೋಣ."

"ಒಳಗೊಳಗೇ ಕಳವಾಗಿದೆ ಸರ್. ಮುಗಿಸೋದು ನಮಗೆ ಬಿಡಿ."

11ಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ ಶುರುವಾಯಿತು. ಕಾರ್ಡ್ ತೋರಿಸಿದರೆ ಮಾತ್ರ ತೆರೆಯಬೇಕಾದ ಬಾಗಿಲಿಗೆ ಬೆಂಕಿ ಆರಿಸುವ ಸಿಲಿಂಡರನ್ನು ಒತ್ತು ಕೊಟ್ಟು ತೆರೆದೇ ಇಟ್ಟಿದ್ದರು.

"ಇದ್ಯಾಕೆ ಹೀಗೆ?"

"ದಿನಕ್ಕೆ ಇಪ್ಪತ್ತು ಸಲ ಕಾರ್ಡ್ ತೋರಿಸೋದು ಕಿರಿಕಿರಿ ನೋಡಿ," ಎಂದರು ಮುಖ್ಯಸ್ಥರು.

"ಕ್ಯಾಮೆರಾ?"

"ಇದೆ. ರೆಕಾರ್ಡಿಂಗ್ ನೋಡೋಕೆ ಪಾಸ್‌ವರ್ಡ್ ಬೇಕು. ಅದು ಹಿಂದಿನ ಮುಖ್ಯಸ್ಥರಿಗೆ ಗೊತ್ತಿತ್ತು."

"ಅವರನ್ನ ಕೇಳಿ."

"ಅವರು ತೀರಿಕೊಂಡು ಎರಡು ವರ್ಷ ಆಯ್ತು."

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿ ಐದರವರೆಗೆ ಎಣಿಸಿದರು. ಠಾಣೆಯಲ್ಲಿ ಎಲ್ಲರೂ ಮೀಸೆಮಾವ ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ಪಿಸುಗುಟ್ಟಿದರು: "ನಮ್ಮ ಸೈಕಲ್ ಸ್ಟ್ಯಾಂಡಿಗೆ ಇದಕ್ಕಿಂತ ಕಾವಲಿದೆ ಮೇಡಂ."

ಬೀರು ತಡಕಿದವರೂ ಮೀಸೆಮಾವನೇ. ಡಿಜಿಟಲ್ ಸಾಕ್ಷ್ಯ ಸಂಗ್ರಹಿಸುವ ಪಾಠಕ್ಕೆಂದು ಅಲ್ಲಿ ನಂಬರು ಹಾಕಿದ ಸೀಲುಗಳಿದ್ದವು, ಅವುಗಳ ಲೆಕ್ಕಕ್ಕೊಂದು ಪುಸ್ತಕವಿತ್ತು. ಕೊನೆಯ ಸಾಲು ಹೀಗಿತ್ತು: "ಸೋಮವಾರ, 16:35:20. ಹಾರ್ಡ್ ಡಿಸ್ಕ್, ಒಂದು. ಪಡೆದ ಸ್ಥಳ: ಬಾಗಿಲ ಬಳಿಯ ಮೇಜು. ಸುಸ್ಥಿತಿಯಲ್ಲಿದೆ." ಹೆಸರಿನ ಕಾಲಂ ಮಾತ್ರ ಖಾಲಿ.

"ಕದ್ದೋನು ಪುಸ್ತಕದಲ್ಲಿ ಬರೆದಿಟ್ಟು ಕದ್ದಿದಾನಾ?"

"ಸೀಲ್ ಬಳಸಿದ್ರೆ ಬರೀಲೇಬೇಕು ಮೇಡಂ," ಎಂದಳು ವಿದ್ಯಾರ್ಥಿನಿ. "ಬರೀದಿದ್ರೆ ಪ್ರಾಕ್ಟಿಕಲ್‌ನಲ್ಲಿ ಫೇಲು. ಈಗ ಕೈ ತಾನಾಗೇ ಹೋಗುತ್ತೆ."

"ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡ್ಕೊಂಡಿದ್ದ," ಎಂದರು ಮೀಸೆಮಾವ. "ಇವನು ರಸೀದಿನೇ ಬರೆದಿದಾನೆ."

ಇನ್ಸ್‌ಪೆಕ್ಟರ್ ಹಿಂದಿನ ಪುಟಗಳನ್ನು ತಿರುವಿದರು. ವಿದ್ಯಾರ್ಥಿಗಳೆಲ್ಲ ಗಂಟೆ, ನಿಮಿಷ ಮಾತ್ರ ಬರೆದಿದ್ದರು. ಸೆಕೆಂಡು ಸಹ ಬರೆಯುವ ಕೈ ಹನ್ನೊಂದು ವರ್ಷದ ಪುಟಗಳಲ್ಲಿ ಒಂದೇ. ಪ್ರಯೋಗಾಲಯದ ಸಹಾಯಕನದು. ವಿದ್ಯಾರ್ಥಿಗಳ ಪಾಲಿಗೆ ಕೀಲಿಯಣ್ಣ.

12.50ಕ್ಕೆ ಆತನ ಕೋಣೆಯಲ್ಲಿ ವಿಚಾರಣೆ.

"ಈ ಸಾಲು ನಿಮ್ಮದಾ?"

ಆತ ಕನ್ನಡಕ ಏರಿಸಿ ನಿಧಾನ ಓದಿದ. "ಹೌದು."

"ಕದಿಯೋವಾಗ ಯಾಕೆ ಬರೆದ್ರಿ?"

"ಬರೀದಿದ್ರೆ ದಾಖಲೆ ಅಪೂರ್ಣ ಆಗುತ್ತಲ್ಲ ಮೇಡಂ."

ಹೇಳಿ, ತಾನೇ ಎದ್ದು ಲಾಕರ್ ತೆರೆದ. ಡಿಸ್ಕ್ ಸೀಲ್ ಹಾಕಿದ ಚೀಲದಲ್ಲಿ ಭದ್ರವಾಗಿತ್ತು. 1.25ಕ್ಕೆ ಬಂಧನ.

ವಿದ್ಯಾರ್ಥಿನಿ ಕೈ ಚಾಚಿದಳು. ಇನ್ಸ್‌ಪೆಕ್ಟರ್ ಚೀಲ ಹಿಂದಕ್ಕೆಳೆದುಕೊಂಡರು. "ವಶಪಡಿಸ್ಕೊಂಡ ಮಾಲು. ಕೋರ್ಟಿನ ಅಪ್ಪಣೆ ಇಲ್ದೆ ಕೊಡೋ ಹಾಗಿಲ್ಲಮ್ಮ."

"ಕಣ್ಣೆದುರಿಗೇ ಇದೆಯಲ್ಲ ಮೇಡಂ!"

"ನನ್ನ ಕಣ್ಣಿಗೂ ಕಾಣ್ತಿದೆ!"

ಬುಧವಾರ ಕೋರ್ಟು ಆರೋಪಿಯನ್ನು ಎರಡು ದಿನ ಪೊಲೀಸ್ ವಶಕ್ಕೆ ಕೊಟ್ಟಿತು. ಡಿಸ್ಕಿನ ಅರ್ಜಿಗೆ ಆದೇಶ ಬಂದದ್ದು ಗುರುವಾರ 1.50ಕ್ಕೆ: ಠಾಣೆಯಲ್ಲಿ, ಪಂಚರ ಎದುರು, ಮೂಲ ಕೆಡದಂತೆ ಒಂದು ಪ್ರತಿ ಮಾಡಿಕೊಡಬಹುದು. ಮುಖ್ಯಸ್ಥರು ಇಬ್ಬರು ಅಧ್ಯಾಪಕರೊಂದಿಗೆ ಬಂದರು. ಪ್ರಯೋಗಾಲಯದಿಂದ ತಂದ ಪ್ರತಿ ಮಾಡುವ ಯಂತ್ರವನ್ನು ಮೂವರೂ ಸುತ್ತಿ ಸುತ್ತಿ ನೋಡಿದರು.

"ನಮ್ಮದು ಥಿಯರಿ," ಎಂದರು ಒಬ್ಬರು. "ಪ್ರಾಕ್ಟಿಕಲ್ ಎಲ್ಲ ಅವನೇ…"

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಆಗ ಲಾಕಪ್ಪಿನಿಂದ ದನಿ ಬಂತು: "ತಂಗೀ, ಮೊದಲು ಕೆಂಪು ತಂತಿಯ ಪೆಟ್ಟಿಗೆ ಸಿಕ್ಕಿಸು. ಮೂಲ ಕೆಡದ ಹಾಗೆ ತಡೆಯೋದು ಅದೇ. ಡಿಸ್ಕ್ ಆಮೇಲೆ."

"ನೀವು ಮಾತಾಡ್ಬೇಡಿ!" ಎಂದಳು ವಿದ್ಯಾರ್ಥಿನಿ. ಗೋಡೆಯ ಗಡಿಯಾರ ನೋಡಿದಳು. 2.35. ಪೆಟ್ಟಿಗೆ ಕೈಗೆತ್ತಿಕೊಂಡಳು. "ಆಮೇಲೆ?"

ಆರೋಪಿ ಮುಟ್ಟಲಿಲ್ಲ, ಹೇಳಿದ ಅಷ್ಟೆ. ಅದನ್ನೂ ಪಂಚನಾಮೆಯಲ್ಲಿ ಬರೆಸಲಾಯಿತು. 4.20ಕ್ಕೆ ಪ್ರತಿ ಸಿದ್ಧವಾಯಿತು. ಮೀಸೆಮಾವ ಅವಳನ್ನು ಜೀಪಿನಲ್ಲಿ ಬಿಟ್ಟು ಬಂದರು. ಪ್ರಬಂಧ ಸ್ವೀಕರಿಸಿದ ಮೊಹರಿನ ಸಮಯ 4.52.

ಐದೂವರೆಗೆ ಇನ್ಸ್‌ಪೆಕ್ಟರ್ ಕೀಲಿಯಣ್ಣನ ಎದುರು ಕೂತರು. "ಆ ಹುಡುಗೀದೇ ಯಾಕೆ?"

"ಬಾಗಿಲ ಹತ್ತಿರ ಇದ್ದದ್ದು ಅದೊಂದೇ. ಯಾರು ಬೇಕಾದ್ರೂ ಎತ್ಕೊಂಡು ಹೋಗಬಹುದು ಅಂತ ತೋರಿಸ್ಬೇಕಿತ್ತು. ಗಲಾಟೆ ಆದ್ರೆ ಬಾಗಿಲಿನ ಭದ್ರತೆ ಸರಿ ಮಾಡಿಸ್ತಾರೆ, ಸಂಜೆಗೇ ಕೊಟ್ಟುಬಿಡೋಣ ಅಂತಿದ್ದೆ. ಮುಖ್ಯಸ್ಥರು ಯಾರಿಗೂ ಹೇಳ್ಬೇಡಿ ಅಂದ್ಬಿಟ್ರು. ಆಮೇಲೆ ನೀವು ಬಂದ್ರಿ. ಹೆದರಿದೆ."

"ಅವಳ ಡಿಗ್ರಿ ಹೋಗ್ತಿತ್ತಲ್ರೀ!"

"ತಪ್ಪಾಯ್ತು ಮೇಡಂ."

"ಇಂಥ ಭದ್ರತಾ ಪರೀಕ್ಷೆಗೆ ಲಿಖಿತ ಅನುಮತಿ ಇರ್ಬೇಕು, ಇಲ್ಲದಿದ್ರೆ ಅದು ಅಪರಾಧ ಅಂತ ಮೊದಲ ಪಾಠದಲ್ಲೇ ಹೇಳ್ತೀರಂತೆ?"

"ಹೌದು ಮೇಡಂ. ಭದ್ರತೆ ಸರಿ ಮಾಡಿಸಿ ಅಂತ ಮುಖ್ಯಸ್ಥರ ಕಚೇರಿಗೆ ಎಂಟು ಪತ್ರ ಬರೆದೆ. ಒಂಬತ್ತನೇ ಪತ್ರದಲ್ಲಿ ಆ ಅನುಮತಿನೇ ಕೇಳಿದ್ದೆ."

ವಿಭಾಗದ ಕಚೇರಿಯಿಂದ ತರಿಸಿದ ಕಡತದಲ್ಲಿ ಒಂಬತ್ತೂ ಪತ್ರಗಳಿದ್ದವು, ಮೂರು ವರ್ಷದವು. ಕೊನೆಯದು ನಾಲ್ಕೇ ಸಾಲು. ಕೆಳಗೆ ಮುಖ್ಯಸ್ಥರ ಕಿರುಸಹಿ, ಪಕ್ಕದಲ್ಲಿ ಅವರ ಕೈಬರಹದ ಒಂದೇ ಪದ: "ನೋಡಿದೆ."