ಹದಿನೇಳನೇ ಬಿಲ್ಲೆ

೧೯೯೪ನೇ ಇಸವಿ, ಫೆಬ್ರವರಿ ೧೭, ಗುರುವಾರ. ಬೆಳಿಗ್ಗೆ ೯.೪೦ಕ್ಕೆ ಹಿಂದೂಪುರದ ಠಾಣೆಯ ಮೆಟ್ಟಿಲು ಹತ್ತಿದ ಎರ್ರಮ್ಮ ಅಳುತ್ತಿರಲಿಲ್ಲ. ಅಳುವವರನ್ನು ಸಮಾಧಾನ ಮಾಡುವುದು ಇನ್ಸ್‌ಪೆಕ್ಟರ್ ತಿಪ್ಪೇರುದ್ರಪ್ಪನಿಗೆ ಇಪ್ಪತ್ತು ವರ್ಷದ ಅಭ್ಯಾಸ. ಅಳದವರ ಎದುರು ಮಾತ್ರ ಅವನಿಗೆ ಕೈಕಾಲೇ ಆಡುತ್ತಿರಲಿಲ್ಲ.

"ನನ್ನ ಗಂಡ ಬೈರಣ್ಣ. ಬಣ್ಣದ ಗಿರಣಿಯಾಗೆ ಉಗಿ ಕೋಣೆ ತೊಳೆಯೋನು. ಬೆಳಗ್ಗೆ ಒಳಗೇ ಬೆಂದೋಗ್ಬುಟ್ಟ."

"ಯಾರ ಮೇಲಾದರೂ ಅನುಮಾನ?"

"ಮಿಷನ್ನು ತಾನೇ ಚಾಲೂ ಆಯ್ತಂತೆ. ಕಂಪ್ಯೂಟರ್ ತಪ್ಪಂತೆ. ಅದೇನೋ ನಂಗೆ ಗೊತ್ತಿಲ್ಲ ಕಣಪ್ಪ. ಹೋದೋನು ಹೋದ. ಕಲ್ಯಾಣದುರ್ಗದ ಗಿರಣಿಯಾಗೂ ಅದೇ ಮಿಷನ್ನು. ನನ್ನ ತಮ್ಮ ಆಂಜಿನಪ್ಪ ಇವತ್ತು ಮೂರು ಗಂಟೆಗೆ ಅಲ್ಲಿ ಕೋಣೆ ತೊಳೆಯಕ್ಕೆ ಇಳೀತಾನೆ. ಅವನನ್ನ ಉಳಿಸ್ಕೊಡಿ."

ತಿಪ್ಪೇರುದ್ರಪ್ಪ ಎಫ್‌ಐಆರ್ ಬರೆಸಿದ. ಕಲ್ಯಾಣದುರ್ಗಕ್ಕೆ ಫೋನ್ ಮಾಡಿಸಿದ. ಲೈನು ಸತ್ತಿತ್ತು. ವೈರ್‌ಲೆಸ್ಸಿನಲ್ಲಿ ಬರೀ ಗರಗರ. ಪ್ರಯತ್ನ ನಿಲ್ಲಿಸಬೇಡ ಎಂದು ಸೆಟ್ಟಿನ ಮುಂದೆ ಒಬ್ಬನನ್ನು ಕೂರಿಸಿ, ಕಾನ್‌ಸ್ಟೇಬಲ್ ವೆಂಕಟರಾಯಪ್ಪನನ್ನು ಕರೆದುಕೊಂಡು ಗಿರಣಿಗೆ ಹೊರಡಲು ಜೀಪು ಹತ್ತಿದ.

ನೂಲಿಗೆ ಬಣ್ಣ ಹಿಡಿಸುವ ಆ ಉಗಿ ಕೋಣೆ ಒಂದು ಲಾರಿಯಷ್ಟು ಉದ್ದವಿತ್ತು. ಕಂಪ್ಯೂಟರ್ ಅಪ್ಪಣೆ ಕೊಟ್ಟರೆ ಕಬ್ಬಿಣದ ಬಾಗಿಲು ತಾನೇ ಮುಚ್ಚಿ ಬಿಗಿದುಕೊಳ್ಳುತ್ತದೆ, ಆಮೇಲೆ ಉಗಿ ಬರುತ್ತದೆ. ಒಳಗಿನಿಂದ ತೆರೆಯುವ ಹಿಡಿ ಇಲ್ಲ. ಪಂಚನಾಮೆಗೆಂದು ತಿಪ್ಪೇರುದ್ರಪ್ಪ ಒಳಗೆ ಕಾಲಿಟ್ಟ. ಗೋಡೆ ಇನ್ನೂ ಬೆಚ್ಚಗಿತ್ತು. ಬಾಗಿಲ ಒಳಮೈಯಲ್ಲಿ ಎರಡು ಅಂಗೈಗಳ ಗುರುತಿತ್ತು. ಅವನಿಗೆ ಹೆದರಿಕೆಯಾಯಿತು, ಪಂಚರ ಮುಂದೆ ಮರ್ಯಾದೆ ಹೋಗುತ್ತದೆಂದು ಮಾತ್ರ ಅವನು ಓಡಿ ಹೊರಬರಲಿಲ್ಲ. "ವೆಂಕಟರಾಯಪ್ಪ, ಬಾಗಿಲು ಹಿಡ್ಕೊಂಡು ನಿಂತ್ಕೊಳಯ್ಯ" ಎಂದ. ಕೇಳುವ ಮೊದಲೇ ಅವನು ಹಿಡಿದುಕೊಂಡಿದ್ದ.

ಹೊರಗೆ ಗೋಡೆಯ ಮೇಲೆ ಮೊಳೆ ಹೊಡೆದ ಹಲಗೆ. ಒಳಗೆ ಹೋಗುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅದಕ್ಕೆ ನೇತುಹಾಕಬೇಕು, ಹೊರಬಂದು ತೆಗೆದುಕೊಳ್ಳಬೇಕು. ಬಿಲ್ಲೆ ನೇತಾಡುತ್ತಿದ್ದರೆ ಒಳಗೆ ಜನವಿದ್ದಾರೆಂದು ಅರ್ಥ. ಹದಿನೇಳನೇ ಮೊಳೆ ಖಾಲಿ ಇತ್ತು.

"ಬಿಲ್ಲೆ ಹಾಕದೇನೆ ಒಳಗೆ ಹೋಗಿದಾನೆ ಸಾರ್. ಅವನದೂ ತಪ್ಪೇ" ಎಂದ ಮ್ಯಾನೇಜರ್.

"ಹಾಕದಿದ್ದರೆ ಜೇಬಲ್ಲಿರಬೇಕಲ್ಲ?"

ಬರುವ ದಾರಿಯಲ್ಲಿ ಆಸ್ಪತ್ರೆಗೆ ಇಳಿದು ಹೆಣದ ಬಟ್ಟೆಯ ಪಟ್ಟಿ ಮಾಡಿಕೊಂಡಿದ್ದ ವೆಂಕಟರಾಯಪ್ಪ ಇಲ್ಲವೆಂದು ತಲೆಯಾಡಿಸಿದ. ಒಂದು ಬೀಡಿ ಕಟ್ಟು, ಒಂದು ಬೀಗದ ಕೈ. ಬಿಲ್ಲೆ ಇರಲಿಲ್ಲ.

ಗಂಟೆ ೧೧.೧೫. ಕಂಪ್ಯೂಟರಿನ ಕೋಣೆಯಲ್ಲಿ ಗಂಗಾದೇವಿ ಕೂತಿದ್ದಳು. ಗಿರಣಿಯ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆದವಳು ಅವಳೇ. ವಯಸ್ಸು ಇಪ್ಪತ್ತಾರು. ಬೆಳಗಿನಿಂದ ಗಿರಣಿಯ ಆಳುಗಳು ಅವಳ ಕಿಟಕಿಯ ಮುಂದೆ ಹಾಯುವಾಗ ಒಂದು ಕ್ಷಣ ನಿಂತು ನೋಡಿ ಹೋಗುತ್ತಿದ್ದರು. ಅವಳ ಕೈಯಲ್ಲಿ ಒಂದು ಪ್ರಿಂಟಿನ ಕಾಗದವಿತ್ತು.

"ಇದೇನಮ್ಮ?"

"ಪ್ರೋಗ್ರಾಂ ಎಲ್ಲಾದರೂ ಕೆಟ್ಟರೆ ಹುಡುಕೋಕೆ ನಾನೇ ಮಾಡ್ಕೊಂಡಿದ್ದು ಸಾರ್. ಅದರೊಳಗೆ ಒಂದೊಂದು ಕೆಲಸಕ್ಕೂ ಒಂದೊಂದು ಫಂಕ್ಷನ್ ಇರುತ್ತೆ. ಒಂದು ಇನ್ನೊಂದನ್ನ ಕರೆಯುತ್ತೆ. ಕರೆಸ್ಕೊಂಡಿದ್ದು ಕೆಲಸ ಮುಗಿಸಿ, ಕರೆದಿದ್ದಕ್ಕೆ ವಾಪಸ್ ಬರುತ್ತೆ. ಒಳಗೆ ಹೋಗುವಾಗ ಪಟ್ಟಿಗೆ ಹೆಸರು ಸೇರಿಸುತ್ತೆ, ಬರುವಾಗ ಹೊಡೆದು ಹಾಕುತ್ತೆ. ಉಗಿ ಬಿಟ್ಟ ಪ್ರತಿ ಸಲವೂ ಆ ಪಟ್ಟಿ ಇದ್ದ ಹಾಗೇ ಡಿಸ್ಕಿಗೆ ಇಳಿಯುತ್ತೆ. ಯಾರನ್ನ ಯಾರು ಕರೆದರು ಅಂತ ತಿಳಿಯುತ್ತೆ."

ಕಾಗದದಲ್ಲಿ ಬೆಳಗಿನ ೬.೧೨ರ ನಾಲ್ಕು ಸಾಲುಗಳಿದ್ದವು. ಮೇಲಿನಿಂದ ಕೆಳಕ್ಕೆ: ಮೇನ್, ಟೈಮರ್, ಮೆನು, ಸ್ಟೀಮ್.

"ನೋಡಿ ಸಾರ್, ಟೈಮರ್ ಅಂತ ಅದೇ ಒಪ್ಕೊಂಡಿದೆ" ಎಂದ ಮ್ಯಾನೇಜರ್.

ತಿಪ್ಪೇರುದ್ರಪ್ಪ ಗಡಿಯಾರ ನೋಡಿದ. ಟೈಮರೇ ತಾನಾಗಿ ಉಗಿ ಬಿಟ್ಟಿದ್ದರೆ ಕಲ್ಯಾಣದುರ್ಗದಲ್ಲೂ ಬಿಡುತ್ತದೆ. ಗಂಟೆ ಆಗಲೇ ಹನ್ನೊಂದೂವರೆ.

"ಇಲ್ಲ ಸಾರ್" ಎಂದಳು ಗಂಗಾದೇವಿ. "ಟೈಮರ್ ಯಾವತ್ತೂ ಮೆನುವನ್ನ ಕರೆಯಲ್ಲ. ಕರೆಯೋ ಸಾಲೇ ನಾನು ಬರೆದಿಲ್ಲ. ಇವತ್ತು ತೊಳೆಯೋ ದಿನ. ಟೈಮರ್ ಒಳಗೆ ಹೋಗಿ ತಾರೀಖು ನೋಡಿ, ಕೆಲಸ ಇಲ್ಲ ಅಂತ ಅರ್ಧದಲ್ಲೇ ವಾಪಸ್ ಬಂದಿದೆ. ಅರ್ಧದಲ್ಲಿ ತಿರುಗೋ ಆ ಜಾಗದಲ್ಲಿ ಹೆಸರು ಹೊಡೆಯೋ ಸಾಲು ಹಾಕೋದನ್ನ ನಾನು ಮರೆತಿದ್ದೀನಿ. ಅದು ಯಾವಾಗಲೋ ಹೊರಗೆ ಬಂದಿದೆ, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿದೆ. ಅದು ನನ್ನ ತಪ್ಪು. ಮೆನುವನ್ನ ಕರೆದಿದ್ದು ಮೇನ್. ಮೆನು ಅಂದ್ರೆ ಮನುಷ್ಯ ಇಲ್ಲಿ ಕೂತು ಕೈಯಾರೆ ಕೀ ಒತ್ತೋದು."

ಕಂಪ್ಯೂಟರಿನ ತಲೆಬುಡ ತಿಪ್ಪೇರುದ್ರಪ್ಪನಿಗೆ ಗೊತ್ತಿರಲಿಲ್ಲ. ಆದರೆ ಹೊರಗೆ ಬಂದ ಮೇಲೂ ಉಳಿದ ಹೆಸರು ಎಂದೊಡನೆ ಅವನ ಕಣ್ಣು ಹೊರಗಿನ ಹಲಗೆಯ ಕಡೆ ಹೋಯಿತು. ನೂಲು ಸುತ್ತುವ ವರಲಕ್ಷ್ಮಮ್ಮನನ್ನು ಕರೆಸಿದ.

"ಬೈರಣ್ಣ ಬಿಲ್ಲೆ ಹಾಕ್ತಿದ್ನಾ?"

"ಹಾಕ್ತಿದ್ದ ಸಾರ್. ತೆಗೀತಿರ್ಲಿಲ್ಲ. ಮನೆಗೋದ್ರೂ ನೇತಾಡ್ತಿರೋದು. ಅದನ್ನ ಯಾರೂ ನೋಡ್ತಿರ್ಲಿಲ್ಲ ಬಿಡಿ."

"ನೆನ್ನೆ ಸಂಜೆ?"

"ಇತ್ತಲ್ಲ, ನಾನೇ ನೋಡ್ದೆ."

ಹಾಗಾದರೆ ಬೆಳಿಗ್ಗೆ ಯಾರೋ ಅದನ್ನು ತೆಗೆದಿದ್ದಾರೆ. ಗೇಟಿನ ಪುಸ್ತಕದಲ್ಲಿ ಆರೂವರೆಗಿಂತ ಮೊದಲು ಎರಡೇ ಹೆಸರಿದ್ದವು. ೫.೫೦ಕ್ಕೆ ಬೈರಣ್ಣ. ೬.೦೫ಕ್ಕೆ ಸೂಪರ್‌ವೈಸರ್ ಜಯಣ್ಣ.

"ಜಯಣ್ಣ ಎಲ್ಲಿ?"

ಮ್ಯಾನೇಜರನ ಮುಖ ಬಿಳುಚಿತು. "ಕಲ್ಯಾಣದುರ್ಗಕ್ಕೆ ಹೋದ ಸಾರ್, ಎಂಟು ಗಂಟೆ ಬಸ್ಸಿಗೆ. ಅಲ್ಲಿ ತೊಳೆಯೋ ಕೆಲಸ ನಾನೇ ನಿಂತು ನೋಡ್ತೀನಿ ಅಂದ."

ಜೀಪು ಹೊರಟಾಗ ೧೨.೦೫, ಕಲ್ಯಾಣದುರ್ಗದ ಲೈನು ಇನ್ನೂ ಸಿಕ್ಕಿರಲಿಲ್ಲ. ಎರ್ರಮ್ಮ ಗೇಟಿನ ಹತ್ತಿರ ನಿಂತಿದ್ದಳು.

ರೊದ್ದಂ ದಾಟುವಾಗ ಟಯರು ಒಡೆಯಿತು. ಅರ್ಧ ಗಂಟೆ ಅಲ್ಲೇ ಹೋಯಿತು. ಡ್ರೈವರನಿಗೆ ಬೈದು ಬಾಯಿ ಒಣಗಿಸಿಕೊಂಡ ತಿಪ್ಪೇರುದ್ರಪ್ಪ ರಸ್ತೆಯಲ್ಲಿ ಶತಪಥ ಹಾಕಿದ. ಒಬ್ಬನನ್ನು ಕೊಂದು ಬಿಲ್ಲೆ ಮುಚ್ಚಿಟ್ಟವನು, ಆ ಸತ್ತವನ ಬಾಮೈದ ಇಳಿಯುವ ಕೋಣೆಗೆ ತಾನಾಗಿ ಕಾವಲು ಹೋಗಿದ್ದಾನೆ. ಯಾಕೆ? ಆಂಜಿನಪ್ಪನಿಗೆ ಏನಾದರೂ ಗೊತ್ತಿದೆಯೆ? ಬಾಗಿಲ ಮೇಲಿನ ಅಂಗೈ ಗುರುತು ಕಣ್ಣ ಮುಂದಿನಿಂದ ಹೋಗಲೊಲ್ಲದು.

"ಬೇಗ ಪೋನಿಯ್ಯಪ್ಪ" ಎಂದು ಜೋರಾಗಿ ಓಡಿಸುವಂತೆ ವೆಂಕಟರಾಯಪ್ಪ ಡ್ರೈವರನಿಗೆ ತೆಲುಗಿನಲ್ಲಿ ಹೇಳುತ್ತಲೇ ಇದ್ದ.

ಕಲ್ಯಾಣದುರ್ಗದ ಗಿರಣಿ ತಲುಪಿದಾಗ ೩.೫೦. ಹಲಗೆಯ ಮೇಲೆ ನಾಲ್ಕು ಬಿಲ್ಲೆಗಳು ನೇತಾಡುತ್ತಿದ್ದವು. ಗಿರಣಿಯೊಳಗೆ ಒಂದು ಸದ್ದೂ ಇರಲಿಲ್ಲ. ತಿಪ್ಪೇರುದ್ರಪ್ಪ ವಯಸ್ಸು ಮರೆತು ಓಡಿದ.

ಉಗಿ ಕೋಣೆಯ ಹೊಸ್ತಿಲ ಮೇಲೆ ಅಡ್ಡಡ್ಡ ಕೂತಿದ್ದ ಜಯಣ್ಣ. ಬೆನ್ನು ಕಬ್ಬಿಣದ ಬಾಗಿಲಿಗೆ, ಕಾಲು ಎದುರಿನ ಚೌಕಟ್ಟಿಗೆ. ಅವನನ್ನು ಸೀಳದೆ ಆ ಬಾಗಿಲು ಮುಚ್ಚುವಂತಿರಲಿಲ್ಲ. ತೊಡೆಯ ಮೇಲೆ ಕಂಪ್ಯೂಟರಿನಿಂದ ಕಿತ್ತ ಕರೆಂಟಿನ ವೈರು.

"ಆಂಜಿನಪ್ಪಾ!" ಎಂದು ಅವನು ಒಳಕ್ಕೆ ಕೂಗಿದ.

"ಓ!" ಎಂದಿತು ಒಳಗಿನ ಕತ್ತಲು.

ಇನ್ನೂ ಮೂರು ಹೆಸರು ಕೂಗಿದ. ಮೂರು ಸಲ ಓ ಎಂದು ಕೇಳಿಸಿತು. ಆಮೇಲೆ ಖಾಕಿಯ ಕಡೆ ತಿರುಗಿದ.

"ಬತ್ತೀನಿ ಸಾರ್. ಇವರು ಈಚೆಗೆ ಬರ್ಲಿ."

"ಕರೆಂಟು ಕಿತ್ತಿದೀಯ. ಇನ್ನೇನು ಭಯ?"

"ಮಿಷನ್ನು ಏನೂ ಮಾಡಲ್ಲ ಸಾರ್. ನನ್ನಂಥೋನೊಬ್ಬ ಬಂದ್ರೆ?"

ತಿಪ್ಪೇರುದ್ರಪ್ಪ ಬೇಡಿ ತೆಗೆಯಲಿಲ್ಲ. ೪.೨೫ಕ್ಕೆ ಕೊನೆಯವನಾಗಿ ಆಂಜಿನಪ್ಪ ಹೊರಬಂದು ತನ್ನ ಬಿಲ್ಲೆ ತೆಗೆದುಕೊಂಡ. ಆಗ ಜಯಣ್ಣ ಎದ್ದು, ಒಳಜೇಬಿನಿಂದ ಹದಿನೇಳನೇ ನಂಬರಿನ ಬಿಲ್ಲೆ ತೆಗೆದುಕೊಟ್ಟ. ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಲಾಯಿತು. ೪.೪೦ಕ್ಕೆ ದಸ್ತಗಿರಿ. ಸೆಕ್ಷನ್ ೩೦೪-ಎ ಮತ್ತು ೨೦೧: ಅಜಾಗರೂಕತೆಯಿಂದ ಸಾವು, ಸಾಕ್ಷ್ಯನಾಶ.

ಹೇಳಿಕೆ ಒಂದೇ ಹಾಳೆ ಹಿಡಿಯಿತು. ಕೋಣೆ ತೊಳೆಯುವ ಮೊದಲು ಹತ್ತು ನಿಮಿಷ ಉಗಿ ಬಿಟ್ಟು ಬಣ್ಣದ ಕರೆ ನೆನೆಸುವುದು ಜಯಣ್ಣನ ಪದ್ಧತಿ. ಬಿಲ್ಲೆ ನೇತಾಡುವುದನ್ನು ನೋಡಿದ. ದಿನಾ ನೇತಾಡುವುದೇ ಅಲ್ಲವೇ, ಬೈರಣ್ಣ ಇನ್ನೂ ಬಂದಿಲ್ಲ ಎಂದುಕೊಂಡ. ಬಾಗಿಲಿಗೆ ಹತ್ತು ಹೆಜ್ಜೆ, ಹೋಗಲಿಲ್ಲ. ಬಾಗಿಲು ತೆರೆದು ನೋಡಿದ ಮೇಲೆ ಹೆದರಿಕೆ ಹಿಡಿಯಿತು. ಆ ಹೆದರಿಕೆಯಲ್ಲಿ ಬಿಲ್ಲೆ ಕಿತ್ತು ಜೇಬಿಗಿಳಿಸಿದ, ತಪ್ಪನ್ನು ಟೈಮರಿನ ತಲೆಗೆ ಕಟ್ಟಿದ. ಬೈರಣ್ಣನ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಬಿಲ್ಲೆ ನಂಬರು ಹದಿನಾರು, ಹದಿನೇಳು.

ಹಿಂದೂಪುರಕ್ಕೆ ವಾಪಸಾದಾಗ ಎರ್ರಮ್ಮ ಠಾಣೆಯ ಜಗುಲಿಯ ಮೇಲೇ ಇದ್ದಳು. ಜೀಪಿನಿಂದ ಇಳಿದ ತಮ್ಮನ ಕೆನ್ನೆ, ತೋಳು ಮುಟ್ಟಿ ಮುಟ್ಟಿ ನೋಡಿದಳು. ತಿಪ್ಪೇರುದ್ರಪ್ಪ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇವನ ಹೆಸರು ಕೂಗಿದ್ನಂತಲ್ಲ. ನಮ್ಮೋನ್ನ ಒಂದ್ಸಲನಾದ್ರೂ ಕೂಗಿದ್ನಾ?"

"ಇಲ್ಲಮ್ಮ."

"ಕೂಗಿದ್ರೆ ಓ ಅಂತಿದ್ದ ಕಣಪ್ಪ" ಎಂದಳು. ಆಗ ಅವಳಿಗೆ ಅಳು ಬಂತು.