ಕಚ್ಚದ ಆವು

ತಾಲ್ಲೂಕು ಔಷಧಿ ಉಗ್ರಾಣದ ಗೋಡೆಗೆ ತಗುಲಿಹಾಕಿದ್ದ ಅಂಚೆಜರಡಿ ಯಂತ್ರ ಕೆಲಸ ಮಾಡುವಾಗ ಸದ್ದಾಗುತ್ತಿರಲಿಲ್ಲ. ದಿನಕ್ಕೆ ಬಂದು ಬೀಳುವ ಹನ್ನೊಂದು ಸಾವಿರ ಮಿಂಚಂಚೆಗಳನ್ನು ಓದಿ, ಕೂದಲು ಬೆಳೆಸುವ ಎಣ್ಣೆಯವರನ್ನೂ ಲಾಟರಿ ಹೊಡೆದಿದೆ ಎನ್ನುವವರನ್ನೂ ಅಳಿಸಿ, ಉಳಿದ ನಲವತ್ತು ಐವತ್ತನ್ನು ಅದು ನರ್ಸ್ ಫಿಲೋಮಿನಾಳ ಮುಂದಿಡುತ್ತಿತ್ತು. ಕಳ್ಳ ಕರೆಗಳ ಕಾಟಕ್ಕೆ ಉಗ್ರಾಣದ ಫೋನನ್ನು ಕಿತ್ತುಹಾಕಿ ಎರಡು ವರ್ಷವಾಗಿತ್ತು. ಬೆಟ್ಟದ ಊರುಗಳವರು ಮಿಂಚಂಚೆಯಲ್ಲಿ ಕೇಳಿದರೆ ಹಾರುಪೆಟ್ಟಿಗೆ ಹತ್ತು ನಿಮಿಷದಲ್ಲಿ ಮದ್ದು ಇಳಿಸಿ ಬರುತ್ತಿತ್ತು.

ಆ ದಿನ ಬೆಳಿಗ್ಗೆ ಹೊಂಗೆಮಾಳದ ಸಣ್ಣತಾಯಮ್ಮ ತನ್ನ ತಂಗಿ ಮಾದೇವಿಯನ್ನು ಕರೆದುಕೊಂಡು ಬಂದಿದ್ದಳು. ಮಾದೇವಿಯ ಬಲಗೈಗೆ ಬಟ್ಟೆ ಸುತ್ತಿತ್ತು. ಅದರೊಳಗೆ ಉಳಿದಿದ್ದುದು ಎರಡೇ ಬೆರಳು. ಅವರು ಬರುತ್ತಾರೆಂದು ಫಿಲೋಮಿನಾ ಜರಡಿಯನ್ನು ರೂಪಿಸಿದ ವಿಜ್ಞಾನಿ ವಿಜಯೀಂದ್ರನನ್ನು ಹಟ ಹಿಡಿದು ಕರೆಸಿದ್ದಳು.

ಸಣ್ಣತಾಯಮ್ಮ ಅಂದು ಕಳಿಸಿದ್ದ, ಜರಡಿ ಅಳಿಸಿದ್ದ ಓಲೆಯನ್ನು ವಿಜಯೀಂದ್ರ ಹುಡುಕಿ ತೆಗೆದ. "ಒಂಗೆಮಾಳ. ತಂಗಿಗೆ ಅರಿಸಿನದ ಒಲದಲ್ಲಿ ಆವು ಕಚ್ಚದ. ಬೇಗ ಔಸ್ದಿ ಕಳ್ಸಿ."

ಯಂತ್ರ ತಪ್ಪು ಮಾಡಿಲ್ಲವೆಂದು ಅವನು ನಿಧಾನವಾಗಿ ವಿವರಿಸಿದ. ಸಿಕ್ಕಿಬೀಳದಿರಲು ಮೋಸಗಾರರು ಬೇಕೆಂದೇ ಕಾಗುಣಿತ ಕೆಡಿಸುತ್ತಾರೆ. ಹಾಗಾಗಿ ಕೆಟ್ಟ ಕಾಗುಣಿತ ಮೋಸದ ಗುರುತು. ಒಂಗೆಮಾಳ ಎಂಬ ಊರು ಪಟ್ಟಿಯಲ್ಲಿಲ್ಲ. ಆವು ಎಂದರೆ ನಿಘಂಟಿನಲ್ಲಿ ಹಸು. ಕಚ್ಚದ ಎಂದರೆ ಕಚ್ಚದೇ ಇರುವ. ಕಚ್ಚದ ಹಸುವಿಗೆ ಔಷಧಿ ಏಕೆ? ಬೆಟ್ಟದವರ ಮಾತಿನಲ್ಲಿ ಅದು 'ಹಾವು ಕಚ್ಚಿದೆ' ಎಂಬುದು ಯಂತ್ರಕ್ಕೆ ಗೊತ್ತಿರಲಿಲ್ಲ. ಸಣ್ಣತಾಯಮ್ಮ ಅದನ್ನೇ ಮೂರು ಸಲ ಕಳಿಸಿದ್ದಳು. ಒಂದೇ ಓಲೆಯನ್ನು ಮೇಲಿಂದ ಮೇಲೆ ಕಳಿಸುವುದೂ ಮೋಸಗಾರರ ಲಕ್ಷಣವಾದ್ದರಿಂದ ಮೂರನೆಯದಕ್ಕೆ ಅವಳ ವಿಳಾಸವನ್ನೇ ಮುಚ್ಚಲಾಗಿತ್ತು. ಈ ಹೊತ್ತಿಗೂ ಅದು ಮುಚ್ಚಿಯೇ ಇತ್ತು.

ಸಣ್ಣತಾಯಮ್ಮ ಪೂರ್ತಿ ಕೇಳಿಸಿಕೊಂಡಳು. ಅವಳು ದನಿ ಏರಿಸಲಿಲ್ಲ.

"ಮೂರ್ ಸಲ ಕೂಗ್ದೋರು ಕಳ್ರಾ, ಸಾ? ನಿಮ್ ಮನೇಲಿ ಆವು ಕಚ್ಚುದ್ರೆ ಒಂದೇ ಸಲ ಕೂಗಿ ಸುಮ್ನಾಯ್ತೀರಾ?"

ಅವನು ಹ ಮತ್ತು ಅ ಒಂದೇ ಎಂದು ಯಂತ್ರಕ್ಕೆ ಕಲಿಸುವುದಾಗಿ ಹೇಳಿದ. ಇಲ್ಲವೇ ಅವಳ ಫೋನಿಗೇ ತಿದ್ದುವ ಸಾಧನವೊಂದನ್ನು ಹಾಕಿಕೊಡಬಹುದು.

"ನನ್ ನಾಲ್ಗೆ ಸರೀಗದ. ನಿಮ್ ಕಿವೀಲಿ ಗುಗ್ಗೆ ಅದ."

ಫಿಲೋಮಿನಾ ಮುಖ ತಿರುಗಿಸಿಕೊಂಡು ನಕ್ಕಳು. ವಿಜಯೀಂದ್ರ ಮಾತ್ರ, ಜರಡಿ ತೆಗೆದರೆ ದಿನಕ್ಕೆ ಹನ್ನೊಂದು ಸಾವಿರ ಕಸದಲ್ಲಿ ಇವರ ಓಲೆ ಹೂತುಹೋಗುತ್ತದೆ ಎಂದು ವಾದಿಸಿದ. ಅದೂ ಸುಳ್ಳಲ್ಲ.

"ತಡೀಬ್ಯಾಡಿ ಅಂದ್ನಾ ನಾನು?" ಎಂದಳು ಸಣ್ಣತಾಯಮ್ಮ. "ಬಾಗ್ಲು ಆಕುದ್ರೆ ಸದ್ದಾಯ್ತದ. ಸದ್ದಾಗಿದ್ರೆ ಆಗ್ಲೇ ಇವ್ಳ್ನ ಟ್ರಾಕ್ಟ್ರುಗ್ ಆಕಂಡ್ ಬತ್ತಿದ್ದಿ. ಕಳ್ಸೀವಿ ಅಂತ ನಂಬ್ಕಂಡು ಆಕಾಸ ನೋಡ್ಕಂಡ್ ಕೂತಿದ್ದಿವಿ. ಮೂರ್ ಗಂಟೆ."

ಮಾದೇವಿ ಎಡಗೈಯಿಂದ ಬಟ್ಟೆಯ ತುದಿಯನ್ನು ಸರಿಮಾಡಿಕೊಂಡಳು.

ವಾರದೊಳಗೆ ವಿಜಯೀಂದ್ರ ಜರಡಿಯನ್ನು ಬದಲಿಸಿದ. ಈಗ ಅದು ಯಾವುದನ್ನೂ ಅಳಿಸುವುದಿಲ್ಲ, ಯಾರ ವಿಳಾಸವನ್ನೂ ಮುಚ್ಚುವುದಿಲ್ಲ. ಅನುಮಾನ ಬಂದ ಓಲೆಯನ್ನು ಬದಿಗಿಟ್ಟು, ಕಳಿಸಿದವರ ಫೋನಿನಲ್ಲಿ ಗಂಟೆ ಬಾರಿಸಿ, 'ನಿಮ್ಮ ಓಲೆ ತಡೆದಿದೆ, ಕಳಿಸಿದ್ದು ನೀವೇ ಏನು?' ಎಂದು ಕೇಳುತ್ತದೆ. 'ಊಂ' ಎಂದು ದನಿ ಕೊಟ್ಟರೆ ಬಿಡುತ್ತದೆ. ಲಕ್ಷಗಟ್ಟಲೆ ಕಳಿಸುವವರಿಗೆ ಒಂದೊಂದಕ್ಕೂ ಊಂಗುಟ್ಟುವ ಪುರುಸೊತ್ತಿಲ್ಲ.

ಆದರೆ ಎರಡೇ ತಿಂಗಳಲ್ಲಿ ವ್ಯಾಪಾರಿಗಳು ತಮ್ಮ ಯಂತ್ರಗಳಿಂದ ಒಂದಕ್ಷರ ತಪ್ಪಿಲ್ಲದ ಕನ್ನಡ ಬರೆಸತೊಡಗಿದರು. ಅನುಮಾನಕ್ಕೆ ಎಡೆಯಿಲ್ಲದ ಆ ಓಲೆಗಳು ನೇರವಾಗಿ ಒಳಬಂದವು. ಊಂಗುಟ್ಟಿ ಬಂದವು ಮಾತ್ರ ಮನುಷ್ಯರವು. ಫಿಲೋಮಿನಾ ಈಗ ಚೆಂದದ ಕನ್ನಡವನ್ನು ಮುಟ್ಟುವುದಿಲ್ಲ. ತಡೆದು, ಊಂಗುಟ್ಟಿದ ಮೇಲೆ ಬಿಟ್ಟ ರಾಶಿಯನ್ನೇ ತೆರೆಯುತ್ತಾಳೆ.

ಅದರಲ್ಲಿ ದಿನಾ ಬೆಳಿಗ್ಗೆ ಒಂದು ಓಲೆ ಇರುತ್ತದೆ. "ಒಂಗೆಮಾಳ. ಆವು ಕಚ್ಚಿಲ್ಲ. ಓಲೆ ಬತ್ತದಾ ಇಲ್ವಾ ಅಂತ ನೋಡ್ದಿ." ಈಚೆಗೆ ಅರಿಸಿನದ ಹೊಲಕ್ಕೆ ಹೋಗುವ ಹೆಂಗಸರೆಲ್ಲ ಅದನ್ನೇ ಕಳಿಸುತ್ತಾರೆ. ಅನಗತ್ಯ ಓಲೆಗಳು ಹೆಚ್ಚುತ್ತಿವೆಯೆಂದು ವಿಜಯೀಂದ್ರನಿಗೆ ವರದಿ ಹೋಗುತ್ತದೆ.

ಫಿಲೋಮಿನಾ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುತ್ತಾಳೆ: "ಬಂದದ ಕನವ್ವ, ಓಗು."