ಪ್ರತಿವಾಣಿ ಕರೆಯದ ಮನೆ

ದಾವಣಗೆರೆಯ ಸಿಂಚನಮ್ಮ ಅಡುಗೆಮನೆಯಲ್ಲಿ ಚಟ್ನಿಪುಡಿ ಕುಟ್ಟುತ್ತಿದ್ದರು. ಅದೇ ಹೊತ್ತಿಗೆ ಅವರ ದನಿ ನಡುಮನೆಯಲ್ಲಿ ಕೂತು, ಹಾವೇರಿಯ ಚಿಕ್ಕಮ್ಮನ ಮಂಡಿನೋವು ವಿಚಾರಿಸಿ, ಮಗಳ ಮದುವೆಗೆ ಬರಲೇಬೇಕೆಂದು ಒತ್ತಾಯಿಸುತ್ತಿತ್ತು.

ಆ ಯಂತ್ರದ ಹೆಸರು ಪ್ರತಿವಾಣಿ. ಕೃತಕ ಬುದ್ಧಿಮತ್ತೆಯ ಈ ಪೆಟ್ಟಿಗೆ ಮನೆಯವರ ದನಿಯನ್ನಷ್ಟೇ ಅಲ್ಲ, ಬಂಧುಬಳಗದ ನೆನಪುಗಳನ್ನೂ ಕಲಿತು, ಯಾರೊಂದಿಗೆ ಎಷ್ಟು ಸಲಿಗೆಯಿಂದ ಮಾತಾಡಬೇಕೆಂದು ತಾನೇ ನಿರ್ಧರಿಸುತ್ತಿತ್ತು. ಅದರ ಮೂಲಸೂತ್ರ ಒಂದೇ: ಆಡಿದ ಮಾತಿನಿಂದ ಇಬ್ಬರು ಹತ್ತಿರವಾಗಬೇಕು. ನಿಜಕ್ಕೂ ಸೊಗಸಾದ ಯಂತ್ರ. ಮಾತಾಡುತ್ತಿರುವುದು ಪೆಟ್ಟಿಗೆಯೆಂದು ಗೊತ್ತಿದ್ದೂ ನೆಂಟರೆಲ್ಲ ಖುಷಿಪಟ್ಟರು.

ಆದರೆ ಸಿಂಚನಮ್ಮನ ತಮ್ಮ ಚಿರಂತನ ಹೆಸರು ಬಂದಾಗ ಅದು ಸುಮ್ಮನಾಯಿತು. ಎಷ್ಟು ಹೇಳಿದರೂ ಕರೆಯಲಿಲ್ಲ. ವರ್ಷಗಳ ಹಿಂದೆ ಗೃಹಪ್ರವೇಶಕ್ಕೆ ಸಿಂಚನಮ್ಮ ಅವನನ್ನು ಬರಿಯ ಫೋನಿನಲ್ಲಿ ಕರೆದಿದ್ದರು. ಮನೆಗೆ ಬಂದು ಕುಂಕುಮವಿಟ್ಟು, ಅಕ್ಷತೆ ಕೊಟ್ಟು ಕರೆಯಲಿಲ್ಲವೆಂದು ಅವನು ಅಂದಿನಿಂದ ಮಾತು ಬಿಟ್ಟಿದ್ದ. ಸೋದರಮಾವನೇ ಬಾರದಿದ್ದರೆ ಮಗಳನ್ನು ಮಂಟಪಕ್ಕೆ ಕರೆತರುವವರು ಯಾರು?

ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಪ್ರಮಥ ಅದೇ ಬಡಾವಣೆಯವರು. ಬಂದು, ಬಿಚ್ಚಿ, ಪರೀಕ್ಷಿಸಿದರು.

"ಕೆಟ್ಟಿದೆಯಾ ಡಾಕ್ಟ್ರೇ?"

"ಇಲ್ಲಮ್ಮ. ತಾನು ಕರೆದರೆ ಅವರು ಇನ್ನೂ ದೂರ ಆಗ್ತಾರೆ ಅಂತ ಲೆಕ್ಕ ಹಾಕಿದೆ. ನೀವೇ ಹೋಗ್ಬೇಕಂತೆ."

ಹಾಗೆ ಹಿಂದೆ ಸರಿಯುವುದನ್ನು ಅವರು ಅದಕ್ಕೆ ಕಲಿಸಿರಲಿಲ್ಲ. ತನ್ನ ಮಿತಿಯನ್ನು ತಾನೇ ಅರಿತ ಯಂತ್ರದ ಬಗ್ಗೆ ಅವರಿಗೆ ತುಂಬಾ ಹೆಮ್ಮೆಯಾಯಿತು.

ಸಿಂಚನಮ್ಮ ಕುಂಕುಮದ ಭರಣಿ ಹಿಡಿದು ಹರಿಹರಕ್ಕೆ ಹೋಗುವ ಚಾಲಕನಿಲ್ಲದ ಬಸ್ಸು ಹತ್ತಿದರು. ಬಾಗಿಲು ತೆರೆದ ಚಿರಂತ ಒಳಗೆ ಹೋಗಿ ನೀರು ತಂದುಕೊಟ್ಟ. ಅವನ ಹೆಂಡತಿಗೆ ಕುಂಕುಮವಿಟ್ಟು, ಅವನ ಕೈಗೆ ಅಕ್ಷತೆ ಹಾಕಿ ಅಕ್ಕ ಮದುವೆಗೆ ಕರೆದರು.

"ಬರ್ತೀನಿ ಬಿಡಕ್ಕ" ಎಂದ. ಅಷ್ಟಕ್ಕೇ ಸಿಂಚನಮ್ಮನಿಗೆ ಅಳು ಬಂತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸುದ್ದಿ ನೆಂಟರ ಕಿವಿಗೆ ಬಿತ್ತು. ನಗುನಗುತ್ತ ಒಪ್ಪಿಕೊಂಡಿದ್ದ ಹಾವೇರಿಯ ಚಿಕ್ಕಮ್ಮನೇ ಮೊದಲು ಮುನಿಸಿಕೊಂಡರು: ತಮ್ಮನ ಮನೆಗಾದರೆ ತಾನೇ ಹೋಗುತ್ತಾಳೆ, ನಮಗೆ ಮಾತ್ರ ಪೆಟ್ಟಿಗೆಯೇ? ಸಂಜೆಯೊಳಗೆ ಬಳಗವೆಲ್ಲ ಮುಖ ಊದಿಸಿಕೊಂಡಿತು. ಪ್ರಮಥ ತಲೆಯ ಮೇಲೆ ಕೈ ಹೊತ್ತು ಕೂತರು. ಈಗ ಸಿಂಚನಮ್ಮ ಖುದ್ದಾಗಿ ಹೋಗಬೇಕಾದ ಎಲ್ಲ ಮನೆಗಳಿಗೂ ಪ್ರತಿವಾಣಿ ಹತ್ತಿರದ ದಾರಿ ಹುಡುಕಿಕೊಟ್ಟಿತು. ಪಾಪ, ಅದರ ಕೈಲಾದದ್ದು ಅಷ್ಟೇ.

ವಿಷಯ ತಿಳಿದ ಚಿರಂತ ತನ್ನ ಕಾರನ್ನು ತಂದು ಅಕ್ಕನ ಬಾಗಿಲಲ್ಲಿ ನಿಲ್ಲಿಸಿದ. ಹಾವೇರಿ, ರಾಣೆಬೆನ್ನೂರು, ಹೊನ್ನಾಳಿ ಎಂದು ಅಕ್ಕತಮ್ಮ ಊರೂರು ಸುತ್ತಿದರು. ದಾರಿಯುದ್ದಕ್ಕೂ ಬೈದಾಡಿದರು, ಅಪ್ಪನನ್ನು ನೆನೆದರು, ಮತ್ತೆ ಬೈದಾಡಿದರು. ಮುನಿಸಿಗೆ ತಾವೂ ಹೊಣೆಯೆಂದು ಜೊತೆಗೆ ಹೊರಟು, ಅಕ್ಷತೆಯ ಬಟ್ಟಲು ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದ ಪ್ರಮಥ ಎಲ್ಲವನ್ನೂ ಕೇಳಿಸಿಕೊಂಡರು. ಇಂಥ ಜಗಳವನ್ನು ತಮ್ಮ ಯಂತ್ರಕ್ಕೆ ಕಲಿಸುವುದು ಸಾಧ್ಯವಿಲ್ಲವೆಂದು ಅವರಿಗೆ ಸಂತೋಷವೇ ಆಯಿತು.

ಒಂದು ಮಧ್ಯಾಹ್ನ, ಲಿಫ್ಟು ಕೆಟ್ಟಿದ್ದ ಕಟ್ಟಡದ ಮೇಲಿನ ಅಂತಸ್ತಿನಿಂದ ಇಳಿದು ಬಂದ ಚಿರಂತ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಅಕ್ಕ, ಇವರನ್ನೆಲ್ಲ ಫೋನಲ್ಲೇ ಕರೆದಿದ್ರೆ ಆಗ್ತಿರ್ಲಿಲ್ವಾ?"

ಸಿಂಚನಮ್ಮ ಅವನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.